100 ಅಡಿ ಕೆಳಗಿನ ಮೀನು: ಫ್ಲೇಮಿಂಗ್ ಗಾರ್ಜ್‌ನಲ್ಲಿ ದೊಡ್ಡ ಲೇಕ್ ಟ್ರೌಟ್‌ಗೆ ಟ್ರೋಲಿಂಗ್

ಟ್ರೋಲಿಂಗ್ ಅಂದರೆ ದೋಣಿಯನ್ನು ನಿಧಾನಕ್ಕೆ ಓಡಿಸುತ್ತಾ ಹಿಂದೆ ಲೂರ್, ಅಂದರೆ ಕೊಕ್ಕೆ ಕಟ್ಟಿದ ಹುಸಿ ಮೀನು, ಎಳೆದುಕೊಂಡು ಹೋಗುವುದು. ಕೇಳುವುದಕ್ಕೆ ಇಷ್ಟೇ. ಆದರೆ ಆಳದ ಹಿನ್ನೀರಿನಲ್ಲಿ ದೊಡ್ಡ ಲೇಕ್ ಟ್ರೌಟ್ ಬೇಕು ಅಂತ ಹೊರಟವರಲ್ಲಿ ಹೆಚ್ಚಿನವರು ದಿನವಿಡೀ ಸುತ್ತಿ ಬರಿಗೈಯಲ್ಲಿ ಬರುತ್ತಾರೆ. ಕಾರಣ ಏನು ಗೊತ್ತಾ? ಮೀನು 90 ಅಡಿಯಲ್ಲಿ ನೆಲಕ್ಕೆ ಹೊಟ್ಟೆ ಆನಿಸಿಕೊಂಡು ಇರುತ್ತದೆ, ಇವರ ಲೂರ್ 60 ಅಡಿಯಲ್ಲಿ ತನ್ನ ಪಾಡಿಗೆ ತಾನು ಈಜುತ್ತಾ ಹೋಗುತ್ತದೆ. ಲೂರ್ ಅನ್ನು ಆಳಕ್ಕೆ ಇಳಿಸುವ ಡೌನ್‌ರಿಗ್ಗರ್ ಎಂಬ ರಾಟೆಯ ಮೀಟರ್ ಮಾತ್ರ 85 ಅಂತ ತೋರಿಸುತ್ತಿರುತ್ತದೆ. ಲೂರ್ ಬಣ್ಣ, ಬ್ರ್ಯಾಂಡು, ಕೋಲು, ರೀಲು ಎಲ್ಲ ಆಮೇಲಿನ ಮಾತು. ನಿಮ್ಮ ಲೂರ್ ಈ ಕ್ಷಣ ನೆಲದಿಂದ ಎಷ್ಟು ಅಡಿ ಮೇಲಿದೆ ಅಂತ ಕೇಳಿದರೆ ತಟ್ಟನೆ ಹೇಳುವಂತಿರಬೇಕು. ಈ ಲೇಖನದ ಮುಕ್ಕಾಲು ಪಾಲು ಅದರ ಬಗ್ಗೆಯೇ.

ನಾನು ಹೇಳುತ್ತಿರುವುದು ಅಮೆರಿಕದ ಯೂಟಾ ಮತ್ತು ವಯೋಮಿಂಗ್ ರಾಜ್ಯಗಳ ಗಡಿಯಲ್ಲಿರುವ ಫ್ಲೇಮಿಂಗ್ ಗಾರ್ಜ್ ಜಲಾಶಯದ ಬಗ್ಗೆ. ಸಾಲ್ಟ್ ಲೇಕ್ ಸಿಟಿಯಿಂದ ಕಾರಿನಲ್ಲಿ ಮೂರೂವರೆ ಗಂಟೆ ಹತ್ತಿರ. ಗ್ರೀನ್ ನದಿಗೆ ಕಟ್ಟಿದ 502 ಅಡಿ ಎತ್ತರದ ಕಾಂಕ್ರೀಟ್ ಅಣೆಕಟ್ಟು ಇದು, ನೀರು ಹಿಂದಕ್ಕೆ 91 ಮೈಲಿ ನಿಂತಿದೆ. ಅಣೆಕಟ್ಟಿನ ಹತ್ತಿರ 400 ಅಡಿಗಿಂತ ಜಾಸ್ತಿ ಆಳ. ಕೆಂಪು ಬಂಡೆಗಳ ಈ ಕಣಿವೆಗೆ ಅನ್ವೇಷಕ ಜಾನ್ ವೆಸ್ಲಿ ಪೊವೆಲ್ 1869ರಲ್ಲಿ ದೋಣಿಯಲ್ಲಿ ಬಂದಾಗ ಈ ಹೆಸರಿಟ್ಟ. ಯೂಟಾದ ದಾಖಲೆ ಲೇಕ್ ಟ್ರೌಟ್ 1988ರಲ್ಲಿ ಸಿಕ್ಕಿದ್ದು ಇಲ್ಲೇ, 51 ಪೌಂಡ್ 8 ಔನ್ಸ್. ಅಂದರೆ 23 ಕಿಲೋ ಮೇಲೆ.

ಹೋದ ಸಲ ಅಪ್ಪ ಊರಿಂದ ಬಂದಾಗ ಜೊತೆಗೆ ಕರೆದುಕೊಂಡು ಹೋಗಿದ್ದೆ. ಅವರು ಶರಾವತಿ ಹಿನ್ನೀರಿನ ಕಡೆಯವರು. ಲಿಂಗನಮಕ್ಕಿ ಆಗಿದ್ದೂ 1964ರಲ್ಲಿ, ಈ ಅಣೆಕಟ್ಟು ಮುಗಿದಿದ್ದೂ 1964ರಲ್ಲಿ. ದೋಣಿಯಲ್ಲಿ ಕೂತು ಸುತ್ತ ನೋಡಿ ಅವರು ಕೇಳಿದ ಮೊದಲ ಪ್ರಶ್ನೆ, "ಇಲ್ಲೂ ಮುಳುಗಡೆ ಆಗಿದ್ದಾ?" ಹೌದು ಅಂದೆ. ಲಿನ್‌ವುಡ್ ಅಂತ ಒಂದು ಸಣ್ಣ ಊರು ಈ ನೀರಿನ ಅಡಿ ಹೋಗಿದೆ, ಅದರ ಹೆಸರು ಈಗ ಒಂದು ಕೊಲ್ಲಿಗೆ ಉಳಿದಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಹಳೆ ಹೊಳೆ ಎಲ್ಲಿ ಹರೀತಿತ್ತು ಅದನ್ನ ಮೊದ್ಲು ನೋಡು ಮಾರಾಯ, ಮೀನು ಅಲ್ಲೇ ಇರ್ತದೆ" ಅಂದರು. ಈ ಮೀನಿನ ಹೆಸರನ್ನೇ ಕೇಳಿರದವರು ಹೇಳಿದ ಆ ಮಾತು ನೂರಕ್ಕೆ ನೂರು ಸರಿ.

ಮೀನಿನ ಸ್ವಭಾವ ಸ್ವಲ್ಪ ತಿಳಿದುಕೊಳ್ಳೋಣ. ಲೇಕ್ ಟ್ರೌಟ್‌ಗೆ ಇಲ್ಲಿನವರು ಮ್ಯಾಕಿನಾ ಅನ್ನುತ್ತಾರೆ, ಸಣ್ಣ ಗಾತ್ರದ್ದನ್ನು ಪಪ್ ಅಂತ ಕರೆಯುತ್ತಾರೆ. ಕಪ್ಪು ಹಸಿರು ಮೈ ಮೇಲೆ ತಿಳಿ ಬಣ್ಣದ ಚುಕ್ಕೆಗಳು, ಬಾಲ ಆಳವಾಗಿ ಕವಲೊಡೆದಿರುತ್ತದೆ. ತಣ್ಣೀರಿನ ಮೀನು. ಸುಮಾರು 48ರಿಂದ 52 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ನೀರು ಇದಕ್ಕೆ ಇಷ್ಟ. ಬಹಳ ನಿಧಾನಕ್ಕೆ ಬೆಳೆಯುತ್ತದೆ. 30 ಪೌಂಡಿನ ಮೀನು ಅಂದರೆ ಇಪ್ಪತ್ತು ಮೂವತ್ತು ವರ್ಷದ ಜೀವ ಅಂತ ಇಟ್ಟುಕೊಳ್ಳಿ. ಮರಿಯಲ್ಲಿ ಹುಳ ಹುಪ್ಪಟೆ ತಿನ್ನುತ್ತದೆ, ದೊಡ್ಡದಾದ ಮೇಲೆ ಬರೀ ಮೀನು. ಇಲ್ಲಿ ಅದರ ಮುಖ್ಯ ಊಟ ಕೊಕನಿ, ಅಂದರೆ ಸಮುದ್ರಕ್ಕೆ ಹೋಗದೆ ಕೆರೆಯಲ್ಲೇ ಬದುಕುವ ಸಾಲ್ಮನ್. ಜೊತೆಗೆ ರೇನ್‌ಬೋ ಟ್ರೌಟ್, ಚಬ್, ಸಕರ್ ಏನು ಸಿಕ್ಕರೂ ಸರಿ. ಒಂದಡಿ ಉದ್ದದ ಕೊಕನಿಯನ್ನು ಇಡಿಯಾಗಿ ನುಂಗುವ ಮೀನಿಗೆ ಎರಡಿಂಚಿನ ಲೂರ್ ಕಣ್ಣಿಗೂ ಬೀಳುವುದಿಲ್ಲ ಅಲ್ವಾ? ಅದಕ್ಕೇ ಲೂರ್ ದೊಡ್ಡದಿರಬೇಕು, 6ರಿಂದ 9 ಇಂಚು.

ಇನ್ನು ಕಾಲ. ಮಂಜುಗಡ್ಡೆ ಕರಗಿದ ಮೇಲೆ, ಏಪ್ರಿಲ್ ಕೊನೆಯಿಂದ ಮೇ ತಿಂಗಳಲ್ಲಿ, ಮೇಲಿಂದ ಕೆಳಗಿನವರೆಗೂ ನೀರು ಒಂದೇ ಸಮ ತಣ್ಣಗಿರುವುದರಿಂದ ದೊಡ್ಡ ಮೀನುಗಳು 20ರಿಂದ 50 ಅಡಿ ನೀರಿಗೂ ಬರುತ್ತವೆ. ಜೂನ್ ಆಗುತ್ತಿದ್ದಂತೆ ಮೇಲಿನ ನೀರು ಕಾಯಲು ಶುರುವಾಗಿ, ಮೇಲೆ ಬಿಸಿನೀರಿನ ಪದರ, ಕೆಳಗೆ ತಣ್ಣೀರಿನ ಪದರ ಅಂತ ಎರಡಾಗುತ್ತದೆ. ಆಗ ದೊಡ್ಡವು ಕೆಳಗಿಳಿಯುತ್ತವೆ. ಬೇಸಿಗೆಯಲ್ಲಿ ನಾನು ಹುಡುಕುವುದು 70ರಿಂದ 110 ಅಡಿ. ಅಕ್ಟೋಬರ್‌ನಲ್ಲಿ ಮತ್ತೆ ಕಲ್ಲುಗಳಿರುವ ದಡದ ಕಡೆ ಮೊಟ್ಟೆ ಇಡಲು ಬರುತ್ತವೆ. ಆ ಹೊತ್ತಿನಲ್ಲಿ ಅವುಗಳನ್ನು ಕಾಡದಿರುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ, ಕೆಲವು ಕಡೆ ಆ ಸಮಯಕ್ಕೆ ಬೇರೆ ನಿಯಮವೂ ಇರುತ್ತದೆ.

ಲೈಸೆನ್ಸ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನೀರು ಎರಡು ರಾಜ್ಯದ್ದು. ಒಂದು ರಾಜ್ಯದ ಲೈಸೆನ್ಸ್ ಇಟ್ಟುಕೊಂಡು ಗಡಿ ದಾಟಿ ಗಾಳ ಹಾಕಬೇಕು ಅಂದರೆ ಅದಕ್ಕೆ ಬೇರೆ ಸ್ಟ್ಯಾಂಪ್ ಬೇಕು. ನೀರಿನ ಮೇಲೆ ಗಡಿ ಗೆರೆ ಕಾಣುವುದಿಲ್ಲವಾದ್ದರಿಂದ ಮೊದಲೇ ತೆಗೆದುಕೊಂಡುಬಿಡಿ. 28 ಇಂಚಿಗಿಂತ ಉದ್ದದ ಲೇಕ್ ಟ್ರೌಟ್ ಅನ್ನು ಒಂದಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ ಅನ್ನುವ ನಿಯಮ ಬಹಳ ಕಾಲದಿಂದ ಇದೆ. ಉಳಿದ ಲೆಕ್ಕಗಳು ಆಗಾಗ ಬದಲಾಗುತ್ತವೆ, ಆ ವರ್ಷದ ನಿಯಮ ಪುಸ್ತಕ ಫೋನಿಗೆ ಇಳಿಸಿಕೊಳ್ಳಿ. ಕಣಿವೆಯೊಳಗೆ ಸಿಗ್ನಲ್ ನಂಬುವಂತಿಲ್ಲ.

ಈಗ ಸಾಮಾನು. ಇಷ್ಟು ಆಳಕ್ಕೆ ಡೌನ್‌ರಿಗ್ಗರ್ ಬೇಕೇ ಬೇಕು. ಇದು ದೋಣಿಯ ಹಿಂಬದಿಗೆ ಕೂರಿಸುವ ಒಂದು ರಾಟೆ. ಅದರಿಂದ ತೆಳು ಉಕ್ಕಿನ ತಂತಿ ಇಳಿಯುತ್ತದೆ, ತಂತಿಯ ತುದಿಗೆ ಸೀಸದ ಗುಂಡು. ಗುಂಡಿನ ಹತ್ತಿರ ಒಂದು ಕ್ಲಿಪ್ ಇರುತ್ತದೆ, ನಿಮ್ಮ ಗಾಳದ ದಾರವನ್ನು ಅದಕ್ಕೆ ಕಚ್ಚಿಸಿ ಗುಂಡನ್ನು ಇಳಿಸುತ್ತೀರಿ. ಲೂರ್ ಗುಂಡಿನ ಹಿಂದೆ ಅದೇ ಆಳದಲ್ಲಿ ಈಜುತ್ತದೆ. ಮೀನು ಹಿಡಿದಾಗ ದಾರ ಕ್ಲಿಪ್‌ನಿಂದ ಕಳಚಿಕೊಳ್ಳುತ್ತದೆ, ಆಮೇಲೆ ಗುಂಡಿನ ಭಾರ ಇಲ್ಲದೆ ನೀವು ಮತ್ತು ಮೀನು ಇಬ್ಬರೇ. ಕೈಯಲ್ಲಿ ತಿರುಗಿಸುವ ಡೌನ್‌ರಿಗ್ಗರ್ ಅಗ್ಗ, ಕಲಿಯುವುದಕ್ಕೆ ಸಾಕು. ಆದರೆ ದಿನಕ್ಕೆ ಮೂವತ್ತು ಸಲ 100 ಅಡಿಯಿಂದ ಗುಂಡು ಎತ್ತಿದರೆ ಸಂಜೆ ಹೆಗಲು ಮಾತಾಡುತ್ತದೆ. ಕೈಲಾದರೆ ಕರೆಂಟಿನದ್ದೇ ತೆಗೆದುಕೊಳ್ಳಿ. ಗುಂಡು ಮಾತ್ರ 12 ಪೌಂಡಿಗಿಂತ ಕಡಿಮೆ ಬೇಡ, 15 ಇದ್ದರೆ ಇನ್ನೂ ಒಳ್ಳೆಯದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಲೆಡ್‌ಕೋರ್ ದಾರ ಸಾಲದೇ ಅಂತ ಕೆಲವರು ಕೇಳುತ್ತಾರೆ. ಒಳಗೆ ಸೀಸದ ಎಳೆ ಇರುವ ದಾರ ಅದು, ಪ್ರತಿ 10 ಗಜಕ್ಕೆ ಬಣ್ಣ ಬದಲಾಗುತ್ತದೆ. ಟ್ರೋಲಿಂಗ್ ವೇಗದಲ್ಲಿ ಒಂದು ಬಣ್ಣಕ್ಕೆ ಸುಮಾರು 5 ಅಡಿ ಇಳಿಯುತ್ತದೆ ಅಂದುಕೊಂಡರೂ ಹತ್ತು ಬಣ್ಣ ಬಿಟ್ಟರೆ 50 ಅಡಿ ಮುಟ್ಟೀತು. ಮೇ ತಿಂಗಳಿಗೆ ಚೆನ್ನಾಗಿದೆ. ಆಗಸ್ಟ್‌ಗೆ ಸಾಲದು.

ಕೋಲು ಎಂಟೂವರೆ ಅಡಿಯದ್ದು, ನಡು ಬಾಗುವಂಥದ್ದು, ತೀರಾ ಗಟ್ಟಿ ಬೇಡ. ರೀಲಿನಲ್ಲಿ ಎಷ್ಟು ಅಡಿ ದಾರ ಹೋಯಿತು ಅಂತ ತೋರಿಸುವ ಕೌಂಟರ್ ಇರಲಿ. 20 ಪೌಂಡಿನ ನೈಲಾನ್ ದಾರ ಸಾಕು, ತುದಿಗೆ ಅಷ್ಟೇ ಶಕ್ತಿಯ ಫ್ಲೋರೋಕಾರ್ಬನ್ ಆರೇಳು ಅಡಿ. ಲೂರ್‌ಗಳಲ್ಲಿ ನನಗೆ ಹೆಚ್ಚು ನಂಬಿಕೆ ಇರುವುದು ದೊಡ್ಡ ಫ್ಲಾಟ್‌ಫಿಶ್ ಮೇಲೆ. ಬಾಳೆಕಾಯಿ ಹಾಗೆ ಬಾಗಿರುತ್ತದೆ, ನಿಧಾನಕ್ಕೆ ಎಳೆದರೂ ಸೊಂಟ ಕುಣಿಸುತ್ತದೆ. ಕ್ವಿಕ್‌ಫಿಶ್, ಜೆ-ಪ್ಲಗ್, ರಾಪಾಲಾ ಮ್ಯಾಗ್ನಮ್ ಕೂಡ ಇಲ್ಲಿ ಹೆಸರು ಮಾಡಿರುವಂಥವೇ. ಬಣ್ಣ ಕೊಕನಿ ಅಥವಾ ರೇನ್‌ಬೋ ಮರಿಯ ಹಾಗಿದ್ದರೆ ಸಾಕು. ಅಷ್ಟು ಆಳಕ್ಕೆ ಕೆಂಪು ಬಣ್ಣ ಉಳಿಯುವುದಿಲ್ಲ, ಬೂದಿಯಂತೆ ಕಾಣುತ್ತದೆ. ಹಾಗಾಗಿ ಬಣ್ಣದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕತ್ತಲಲ್ಲಿ ಹೊಳೆಯುವ ಬಿಳಿ ಹಸಿರು ಒಂದು ಇರಲಿ. ಅಂಗಡಿಯಿಂದ ತಂದ ಲೂರ್‌ನಲ್ಲಿ ಮೂರು ಮೊನೆಯ ಕೊಕ್ಕೆ ಎರಡೆರಡು ಇರುತ್ತವೆ. ನಾನು ಅವನ್ನು ತೆಗೆದು ಒಂಟಿ ಕೊಕ್ಕೆ ಹಾಕುತ್ತೇನೆ, ಮುಳ್ಳನ್ನು ಇಕ್ಕಳದಲ್ಲಿ ಒತ್ತಿಬಿಡುತ್ತೇನೆ. ಮೀನು ಬಿಡುವಾಗ ಅದರ ಬಾಯಿಗೂ ಒಳ್ಳೆಯದು, ನಿಮ್ಮ ಬೆರಳಿಗೂ ಒಳ್ಳೆಯದು.

ಜಾಗ ಹುಡುಕುವುದು ಹೇಗೆ? ಕಣಿವೆಯ ಕಡಿದಾದ ಗೋಡೆಗಳ ಭಾಗ ನೋಡಲು ಚೆಂದ, ಆದರೆ ಅಲ್ಲಿ ಆಳ ಒಮ್ಮೆಲೇ ಇಳಿದುಹೋಗುತ್ತದೆ. ದೊಡ್ಡ ಮೀನಿಗೆ ನಾನು ಹೋಗುವುದು ಬಕ್‌ಬೋರ್ಡ್ ಅನ್ನುವ ದೋಣಿ ನಿಲ್ದಾಣದಿಂದ ಕೆಳಗೆ ಆ್ಯನ್ವಿಲ್ ಡ್ರಾ, ಲಿನ್‌ವುಡ್ ಕೊಲ್ಲಿ, ಆ್ಯಂಟಿಲೋಪ್ ಫ್ಲಾಟ್ ಕಡೆಗೆ. ಅಲ್ಲಿ ನೀರಿನಡಿ ಗುಡ್ಡ, ದಿಬ್ಬ, ಚಾಚಿದ ಮೂಗು, ಹಳೆ ಹೊಳೆಯ ದಂಡೆ ಎಲ್ಲ ಇದೆ. ಆಳದ ಗೆರೆಗಳಿರುವ ನಕ್ಷೆ ಈಗ ಫಿಶ್ ಫೈಂಡರ್‌ನಲ್ಲೇ, ಅಂದರೆ ನೀರಿನಡಿಯ ನೆಲವನ್ನೂ ಮೀನನ್ನೂ ಪರದೆಯಲ್ಲಿ ತೋರಿಸುವ ಯಂತ್ರದಲ್ಲೇ, ಬರುತ್ತದೆ. ಅಣೆಕಟ್ಟು ಕಟ್ಟುವ ಮೊದಲಿನ ಹಳೆಯ ಸರ್ವೆ ನಕ್ಷೆ ಸಿಕ್ಕರೆ ಅದನ್ನೂ ಪಕ್ಕದಲ್ಲಿಟ್ಟುಕೊಂಡು ನೋಡಿ. ಹೊಳೆ ಎಲ್ಲಿ ತಿರುವು ತೆಗೆದುಕೊಂಡಿತ್ತು, ರಸ್ತೆ ಎಲ್ಲಿತ್ತು, ಹಳ್ಳ ಎಲ್ಲಿ ಬಂದು ಸೇರುತ್ತಿತ್ತು ಅನ್ನುವುದೆಲ್ಲ ಅದರಲ್ಲಿ ಇರುತ್ತದೆ. ಹೊಳೆ ತಿರುವಿನ ಹೊರಬದಿ ಕೊರೆದು ಕಡಿದಾಗಿರುತ್ತದಲ್ಲ, ಆ ಅಂಚಿನ ಮೇಲ್ಭಾಗದಲ್ಲಿ 80-90 ಅಡಿಯ ಸಮತಟ್ಟು ಇದ್ದರೆ ಅದನ್ನು ಗುರುತು ಹಾಕಿಕೊಳ್ಳಿ. ದೊಡ್ಡ ಮ್ಯಾಕಿನಾ ಅಂಥ ಅಂಚಿನಲ್ಲಿ ಸುಮ್ನೆ ಮಲಗಿದ್ದು, ಕೊಕನಿ ಹಿಂಡು ಮೇಲೆ ಹಾದಾಗ ಎದ್ದು ನುಗ್ಗುತ್ತದೆ.

ಗಾಳ ಇಳಿಸುವ ಮೊದಲು ಒಂದು ಗಂಟೆ ಬರೀ ನೋಡುತ್ತಾ ಓಡಾಡಿ. ಇದು ಹೆಚ್ಚಿನವರಿಗೆ ಆಗದ ಕೆಲಸ, ಕೈ ತುರಿಸುತ್ತಿರುತ್ತದೆ. ಫಿಶ್ ಫೈಂಡರ್ ಪರದೆಯಲ್ಲಿ ನೆಲದ ಭಾಗವನ್ನು ಮಾತ್ರ ದೊಡ್ಡದು ಮಾಡಿಕೊಳ್ಳಿ. ಸಣ್ಣ ಮೀನು ತೆಳು ಕಮಾನಿನಂತೆ ಮಧ್ಯದಲ್ಲಿ ಕಾಣುತ್ತದೆ. ದೊಡ್ಡದು ನೆಲಕ್ಕೆ ಅಂಟಿಕೊಂಡ ದಪ್ಪ ಗೀಟಿನಂತೆ ಕಾಣುತ್ತದೆ, ಎಷ್ಟೋ ಸಲ ಕಲ್ಲು ಅಂತ ತಪ್ಪು ತಿಳಿಯುತ್ತೇವೆ. ಇನ್ನೊಂದು ವಿಷಯ. ಯಂತ್ರದಿಂದ ಹೊರಡುವ ಶಬ್ದದ ಅಲೆ ಕೊಡೆಯಂತೆ ಹರಡುತ್ತಾ ಹೋಗುತ್ತದೆ. 20 ಡಿಗ್ರಿ ಕೋನದ್ದಾದರೆ 100 ಅಡಿ ಕೆಳಗೆ ಅದು ಸುಮಾರು 35 ಅಡಿ ಅಗಲ ನೋಡುತ್ತದೆ. ಅಷ್ಟು ಅಗಲದಲ್ಲಿ ಎಲ್ಲಿ ಅತಿ ಎತ್ತರದ ನೆಲ ಇದೆಯೋ ಅದನ್ನೇ ನೆಲ ಅಂತ ತೋರಿಸುತ್ತದೆ. ಇಳಿಜಾರಿನಲ್ಲಿ ಮೀನು ಆ ಗೆರೆಯ ಕೆಳಗೆ ಮರೆಯಾಗಿರಬಹುದು. ಪರದೆ ಖಾಲಿ ಇದೆ ಅಂತ ಒಳ್ಳೆ ಜಾಗ ಬಿಟ್ಟು ಹೋಗಬೇಡಿ.

ಈಗ ಮುಖ್ಯ ವಿಷಯಕ್ಕೆ ಬರೋಣ.

ದೋಣಿ ಗಂಟೆಗೆ 1.5ರಿಂದ 2 ಮೈಲಿ ವೇಗದಲ್ಲಿ ಹೋಗಲಿ. ದೊಡ್ಡ ಫ್ಲಾಟ್‌ಫಿಶ್‌ಗೆ ನಾನು 1.6ರಲ್ಲಿ ಶುರು ಮಾಡುತ್ತೇನೆ. ಮೊದಲು ಲೂರ್ ಅನ್ನು ದೋಣಿಯ ಪಕ್ಕದಲ್ಲೇ ನೀರಿಗೆ ಬಿಟ್ಟು ನೋಡಿ. ನೇರವಾಗಿ ಕುಣಿಯುತ್ತಿದೆಯೋ, ಒಂದು ಬದಿಗೆ ವಾಲುತ್ತಿದೆಯೋ? ವಾಲಿದರೆ ಮೂಗಿನ ಕೊಂಡಿಯನ್ನು ಇಕ್ಕಳದಿಂದ ಆಚೆ ಬದಿಗೆ ಒಂದು ಕೂದಲೆಳೆಯಷ್ಟು ತಿರುಗಿಸಿ. ಸರಿ ಹೋದ ಮೇಲೆ ಕೌಂಟರ್ ನೋಡಿಕೊಂಡು 40 ಅಡಿ ದಾರ ಹಿಂದಕ್ಕೆ ಬಿಡಿ, ದಾರವನ್ನು ಕ್ಲಿಪ್‌ಗೆ ಕಚ್ಚಿಸಿ, ರೀಲಿನ ಡ್ರ್ಯಾಗ್, ಅಂದರೆ ದಾರ ಹೊರಗೆ ಹೋಗುವುದನ್ನು ತಡೆಯುವ ಬಿಗಿ, ಸಡಿಲ ಮಾಡಿ, ಗುಂಡನ್ನು ನಿಧಾನಕ್ಕೆ ಇಳಿಸಿ. ಅವಸರದಲ್ಲಿ ಇಳಿಸಿದರೆ ಲೂರ್ ಹಿಂದಿನಿಂದ ಬಂದು ತಂತಿಗೆ ಸುತ್ತಿಕೊಳ್ಳುತ್ತದೆ. ಬೇಕಾದ ಆಳ ಬಂದ ಮೇಲೆ ದಾರ ಬಿಗಿ ಮಾಡಿ, ಕೋಲು ಬಿಲ್ಲಿನಂತೆ ಬಾಗುವಷ್ಟು. ಕ್ಲಿಪ್ ಬಿಟ್ಟಾಗ ಕೋಲು ಚಿಮ್ಮಿ ನೆಟ್ಟಗಾಗಿ ಸಡಿಲ ದಾರವನ್ನು ತಾನೇ ಎಳೆದುಕೊಳ್ಳಬೇಕು, ಅದಕ್ಕೆ ಈ ಬಾಗು.

ಮೀಟರ್ 100 ಅಂತ ತೋರಿಸಿತು. ಗುಂಡು 100 ಅಡಿಯಲ್ಲಿದೆಯೇ? ಇಲ್ಲ. ದೋಣಿ ಮುಂದೆ ಹೋಗುವಾಗ ನೀರು ಗುಂಡನ್ನೂ ತಂತಿಯನ್ನೂ ಹಿಂದಕ್ಕೆ ತಳ್ಳುತ್ತದೆ, ತಂತಿ ಓರೆಯಾಗುತ್ತದೆ. ನೆಟ್ಟಗೆ ಕೆಳಗಿಳಿಯುವ ಗೆರೆಯಿಂದ 30 ಡಿಗ್ರಿ ಓರೆಯಾದರೆ 100 ಅಡಿ ತಂತಿಯ ಗುಂಡು ಸುಮಾರು 87 ಅಡಿಯಲ್ಲಿರುತ್ತದೆ. 45 ಡಿಗ್ರಿ ಆದರೆ 71 ಅಡಿ. ಹಗುರ ಗುಂಡು ಹಾಕಿ ಜೋರಾಗಿ ಓಡಿಸಿದವರು ಮೀನಿನ ತಲೆಯ ಮೇಲೆ 30 ಅಡಿ ಎತ್ತರದಲ್ಲಿ ಲೂರ್ ಎಳೆಯುವುದು ಹೀಗೆ. ಭಾರದ ಗುಂಡು ಬೇಕು ಅಂದಿದ್ದೂ ಇದಕ್ಕೇ. ಗುಂಡನ್ನು ಫಿಶ್ ಫೈಂಡರ್‌ನಲ್ಲಿ ನೋಡಿಕೊಳ್ಳಬಹುದಲ್ಲ ಅಂದರೆ, ಕಡಿಮೆ ಆಳದಲ್ಲಿ ಕಾಣುತ್ತದೆ, ಆದರೆ 100 ಅಡಿ ತಂತಿ ಬಿಟ್ಟಾಗ ಬರೀ 20 ಡಿಗ್ರಿ ಓರೆಯಾದರೂ ಅದು ದೋಣಿಯಿಂದ 34 ಅಡಿ ಹಿಂದಿರುತ್ತದೆ. ಯಂತ್ರ ನೋಡುವುದು ತನ್ನ ಸುತ್ತ ಹದಿನೇಳು ಹದಿನೆಂಟು ಅಡಿ ಮಾತ್ರ.

ಹಾಗಾಗಿ ನಾನು ಮಾಡುವುದು ಇಷ್ಟು. ಸಮತಟ್ಟಾದ ನೆಲ ಇರುವ ಕಡೆ, ಟ್ರೋಲಿಂಗ್ ವೇಗದಲ್ಲೇ ಹೋಗುತ್ತಾ, ಲೂರ್ ಹಾಕದೆ ಬರೀ ಗುಂಡನ್ನು ನೆಲ ಮುಟ್ಟುವವರೆಗೆ ಇಳಿಸುತ್ತೇನೆ. ನಕ್ಷೆಯಲ್ಲಿ ಆಳ 90, ಮುಟ್ಟಿದಾಗ ಮೀಟರ್ 101 ಅಂದರೆ ಇವತ್ತಿನ ವೇಗಕ್ಕೆ 11 ಅಡಿ ವ್ಯತ್ಯಾಸ. ಅದನ್ನು ಟೇಪಿನ ಮೇಲೆ ಬರೆದು ಡೌನ್‌ರಿಗ್ಗರ್‌ಗೆ ಅಂಟಿಸುತ್ತೇನೆ. ವೇಗ ಬದಲಾಯಿಸಿದರೆ, ಗಾಳಿ ಬದಲಾದರೆ ಮತ್ತೆ ನೋಡಬೇಕು.

ನೆಲ ಮುಟ್ಟಿದ್ದು ಗೊತ್ತಾಗುವುದು ಹೇಗೆ ಅಂತ ಕಲಿಸಿದ್ದು ಅಪ್ಪ. ನಾನು ಪರದೆ ನೋಡುತ್ತಿದ್ದೆ. ಅವರು ಹಿಂದೆ ಬಂದು ತಂತಿಯ ಮೇಲೆ ತೋರುಬೆರಳು ಇಟ್ಟರು, ಊರಲ್ಲಿ ಗಾಳದ ದಾರ ಬೆರಳ ಮೇಲೆ ಹಾಯಿಸಿಕೊಂಡು ಕೂರುತ್ತಾರಲ್ಲ, ಹಾಗೆ. ನೀರಿನಲ್ಲಿ ಎಳೆಯುವ ತಂತಿ ಒಂದೇ ಸಮ ಗುಂಯ್ ಅನ್ನುತ್ತಿರುತ್ತದೆ, ತಂಬೂರಿ ತಂತಿಯ ಹಾಗೆ. ಕಣ್ಣು ಮುಚ್ಚಿಕೊಂಡು ಕೂತಿದ್ದವರು, "ನಿಂತ್ತು ನೋಡು. ಗುಂಡು ನೆಲ ಕುಟ್ತಾ ಇದೆ" ಅಂದರು. ನಾನೂ ಬೆರಳಿಟ್ಟೆ. ಗುಂಯ್ಗುಡುವುದು ನಿಂತು ಟಕ್, ಟಕ್ ಅಂತ ಸಣ್ಣ ಪೆಟ್ಟು. ಒಂದೊಂದು ಪೆಟ್ಟಿಗೂ ತಂತಿ ಒಂದು ಚಣ ಸಡಿಲ. ಕೆಸರಾದರೆ ಪೆಟ್ಟು ಮೆತ್ತಗೆ, ಎಳೆದಂತೆ ಇರುತ್ತದೆ. ಕಲ್ಲಾದರೆ ಬೆರಳಿಗೆ ಚುಚ್ಚಿದಂತೆ ಗೊತ್ತಾಗುತ್ತದೆ. ಪರದೆಯ ಬಣ್ಣ ನೋಡಿ ನೆಲ ಗಟ್ಟಿಯೋ ಮೆದುವೋ ಅಂತ ಊಹಿಸುವುದಕ್ಕಿಂತ ಇದು ಎಷ್ಟೋ ವಾಸಿ. ತಂತಿ ಇಳಿಯುವಾಗ ಅಥವಾ ಏರುವಾಗ ಮಾತ್ರ ಬೆರಳು ಇಡಬೇಡಿ, ಚರ್ಮ ಕೊಯ್ಯುತ್ತದೆ.

ಗುಂಡಿನ ಆಳ ಗೊತ್ತಾಯಿತು. ಲೂರ್ ಅದೇ ಆಳದಲ್ಲಿ ಇರುವುದಿಲ್ಲ. ಫ್ಲಾಟ್‌ಫಿಶ್, ಮ್ಯಾಗ್ನಮ್ ತರಹದ್ದು ತಾನೇ ಕೆಳಗೆ ಮುಳುಗುತ್ತದೆ, 40 ಅಡಿ ದಾರ ಬಿಟ್ಟರೆ ಗುಂಡಿಗಿಂತ ಐದಾರು ಅಡಿ ಕೆಳಗೂ ಇರಬಹುದು. ನಿಮ್ಮ ಲೂರ್ ಎಷ್ಟು ಮುಳುಗುತ್ತದೆ ಅನ್ನುವುದನ್ನು ಕಡಿಮೆ ಆಳದ ಮರಳು ನೆಲದ ಮೇಲೆ ಎಳೆದು ನೋಡಿ ತಿಳಿದುಕೊಳ್ಳಿ. ನಾನು ಗುಂಡನ್ನು ನೆಲದಿಂದ 8-10 ಅಡಿ ಮೇಲೆ ಇಡುತ್ತೇನೆ, ಲೂರ್ 3-4 ಅಡಿ ಮೇಲೆ ಹೋಗುತ್ತದೆ. ತೆಳು ಲೋಹದ ಚಮಚದಂಥ ಸ್ಪೂನ್ ಆದರೆ ಇಷ್ಟು ಮುಳುಗುವುದಿಲ್ಲ, ಗುಂಡಿನ ಮಟ್ಟದಲ್ಲೇ ಬರುತ್ತದೆ. ಆಗ ಗುಂಡನ್ನು ಇನ್ನೂ ಇಳಿಸಬೇಕು. ಅಪರೂಪಕ್ಕೊಮ್ಮೆ ಲೂರ್ ನೆಲಕ್ಕೆ ತಾಗಿ ಕೆಸರೆಬ್ಬಿಸಿದರೂ ಪರವಾಗಿಲ್ಲ, ನನಗೆ ಸಿಕ್ಕ ದೊಡ್ಡ ಮೀನುಗಳಲ್ಲಿ ಎರಡು ಆ ತಕ್ಷಣವೇ ಹಿಡಿದವು.

ನೇರಕ್ಕೆ ಓಡಿಸಬೇಡಿ. ಆಳದ ಗೆರೆಯನ್ನು ಹಿಡಿದು ಹಾವಿನಂತೆ ಅಂಕುಡೊಂಕಾಗಿ ಹೋಗಿ. ತಿರುಗುವಾಗ ಒಳಬದಿಯ ಲೂರ್ ನಿಧಾನವಾಗಿ ಕೆಳಗಿಳಿಯುತ್ತದೆ, ಹೊರಬದಿಯದ್ದು ವೇಗ ಪಡೆದು ಮೇಲೇಳುತ್ತದೆ. ಎರಡು ಕೋಲು ಹಾಕಿದ್ದು ಪ್ರತಿ ಸಲ ಒಳಬದಿಗೇ ಮೀನು ಕಚ್ಚುತ್ತಿದ್ದರೆ ನೀವು ಜೋರಾಗಿದ್ದೀರಿ ಅಂತ ಅರ್ಥ, ವೇಗ ಇಳಿಸಿ. ಹೊರಬದಿಗೆ ಕಚ್ಚಿದರೆ ಸ್ವಲ್ಪ ಏರಿಸಿ. ಕೋಲಿನ ತುದಿ ಒಂದೇ ತಾಳದಲ್ಲಿ ನಡುಗುತ್ತಿರಬೇಕು. ನಡುಕ ನಿಂತರೆ ಅಥವಾ ತಾಳ ತಪ್ಪಿದರೆ ಲೂರ್‌ಗೆ ಕಸ ಸಿಕ್ಕಿದೆ ಇಲ್ಲವೇ ಸಣ್ಣ ಪಪ್ ಒಂದು ಕಚ್ಚಿಕೊಂಡು ಸುಮ್ನೆ ಹಿಂದೆ ಬರುತ್ತಿದೆ. ಎತ್ತಿ ನೋಡಿ. ಅರ್ಧ ಗಂಟೆ ಸತ್ತ ಲೂರ್ ಎಳೆಯುವುದು ಅಂದರೆ ಅರ್ಧ ಗಂಟೆ ಮನೆಯಲ್ಲಿದ್ದ ಹಾಗೆ.

ದಿಬ್ಬ ಬಂತು ಅಂತ ಪರದೆಯಲ್ಲಿ ಕಂಡ ಕೂಡಲೇ ಗುಂಡು ಎತ್ತಬೇಕು, ಯೋಚಿಸುತ್ತಾ ಕೂರಬಾರದು. ಎರಡು ವರ್ಷದ ಹಿಂದೆ ಆ್ಯಂಟಿಲೋಪ್ ಫ್ಲಾಟ್ ಹತ್ತಿರ ಗಾಳಿ ಎದ್ದ ಮಧ್ಯಾಹ್ನ ನನ್ನ ಗುಂಡು ಬಂಡೆಯ ಸಂದಿಗೆ ಸಿಕ್ಕಿಕೊಂಡಿತು. ಡೌನ್‌ರಿಗ್ಗರ್ ಬ್ರೇಕ್ ತೀರಾ ಬಿಗಿ ಮಾಡಿದ್ದೆ, ತಂತಿ ಬಿಡಲಿಲ್ಲ. ಗಾಳಿ ದೋಣಿಯನ್ನು ತಳ್ಳುತ್ತಿದೆ, ತಂತಿ ದೋಣಿಯ ಹಿಂಬದಿಯನ್ನು ಕೆಳಗೆ ಎಳೆಯುತ್ತಿದೆ, ಎರಡು ಅಲೆ ಒಳಗೇ ಬಂದವು. ಇಕ್ಕಳ ಹುಡುಕಿ ತಂತಿ ಕತ್ತರಿಸುವಷ್ಟರಲ್ಲಿ ಪಾದ ಮುಳುಗುವಷ್ಟು ನೀರು. ಅಂದಿನಿಂದ ಬ್ರೇಕ್ ಅನ್ನು ಕೈಯಲ್ಲಿ ಜಗ್ಗಿದರೆ ಜಾರುವಷ್ಟು ಸಡಿಲ ಇಡುತ್ತೇನೆ, ತಂತಿ ಕತ್ತರಿಸುವ ಇಕ್ಕಳ ಡೌನ್‌ರಿಗ್ಗರ್ ಪಕ್ಕದಲ್ಲೇ ದಾರ ಕಟ್ಟಿ ನೇತುಹಾಕಿದ್ದೇನೆ. ಲೈಫ್ ಜಾಕೆಟ್ ಎಲ್ಲರೂ ಹಾಕಿಕೊಳ್ಳಿ, ಈಜು ಬಂದರೂ. ನೀರು ತುಂಬಿದಾಗ ಇದರ ಮಟ್ಟ ಸಮುದ್ರದಿಂದ 6040 ಅಡಿ ಎತ್ತರ, ಮೇ ತಿಂಗಳಲ್ಲೂ ನೀರು ಕೊರೆಯುತ್ತದೆ, ಬಿದ್ದರೆ ಕೈಕಾಲು ಬೇಗ ಮರಗಟ್ಟುತ್ತವೆ. ಬೆಳಕು ಹರಿಯುವ ಮೊದಲೇ ಇಳಿದು ಮಧ್ಯಾಹ್ನದ ಗಾಳಿಗೆ ಮೊದಲು ದಡ ಸೇರುವುದು ನನ್ನ ಪದ್ಧತಿ. ಮೀನು ಕಚ್ಚುವುದೂ ಮುಂಜಾನೆಯೇ ಜಾಸ್ತಿ.

ಕಚ್ಚಿದಾಗ ಏನಾಗುತ್ತದೆ? ಬಾಗಿದ್ದ ಕೋಲು ಎರಡು ಸಲ ತಲೆ ಆಡಿಸಿ ಫಟ್ ಅಂತ ನೆಟ್ಟಗಾಗುತ್ತದೆ. ಹೊಸಬರು ಆಗ ಮೀನು ತಪ್ಪಿತು ಅಂದುಕೊಳ್ಳುತ್ತಾರೆ. ತಪ್ಪಿಲ್ಲ, ಕ್ಲಿಪ್ ಬಿಟ್ಟಿದೆ. ಕೋಲು ಕೈಗೆತ್ತಿಕೊಂಡು ಜೋರಾಗಿ ರೀಲ್ ಸುತ್ತಿ, ಭಾರ ಸಿಗುವವರೆಗೆ ನಿಲ್ಲಿಸಬೇಡಿ. ಭಾರ ಸಿಕ್ಕ ಮೇಲೆ ಎಳೆದು ಜಗ್ಗುವ ಅಗತ್ಯ ಇಲ್ಲ, ಕೋಲು ಎತ್ತಿ ಹಿಡಿದರೆ ಸಾಕು. ದೋಣಿ ನಿಲ್ಲಿಸಬೇಡಿ, ನಿಧಾನಕ್ಕೆ ಹೋಗುತ್ತಿರಲಿ, ದಾರ ಸಡಿಲ ಆಗಬಾರದು. ಜೊತೆಗಿರುವವರು ಇನ್ನೊಂದು ಲೂರ್, ಎರಡೂ ಗುಂಡು ಮೇಲೆತ್ತಲಿ. ದೊಡ್ಡ ಮ್ಯಾಕಿನಾ ಹಾರುವುದಿಲ್ಲ. ಕೆಳಗೇ ನಿಂತು ತಲೆ ಕೊಡವುತ್ತದೆ, ಒಂದೊಂದು ಕೊಡವಿಗೂ ಕೋಲು ಮೊಳಕೈವರೆಗೆ ಅದುರುತ್ತದೆ. ಆಮೇಲೆ ಸಾಧುವಿನ ಹಾಗೆ ಮೇಲೆ ಬರುತ್ತದೆ. ದೋಣಿ ಕಂಡ ಕೂಡಲೇ ಮತ್ತೆ ಒಂದೇ ಉಸಿರಿಗೆ 40 ಅಡಿ ಕೆಳಗೆ. ಡ್ರ್ಯಾಗ್ ಆ ಹೊತ್ತಿಗೆ ಸಡಿಲ ಇರಬೇಕು, ದಾರ ಹರಿಯುವುದು ಅಲ್ಲೇ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಗಮನಿಸಿ. 100 ಅಡಿಯಿಂದ ಬರುವ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ ಮೇಲೆ ಬರುತ್ತಾ ಉಬ್ಬುತ್ತದೆ. ಲೇಕ್ ಟ್ರೌಟ್‌ಗೆ ಆ ಗಾಳಿಯನ್ನು ಬಾಯಿಂದ ಹೊರಹಾಕುವ ಶಕ್ತಿ ಇದೆ, ಆದರೆ ಅದಕ್ಕೆ ಸಮಯ ಕೊಡಬೇಕು. ಕೊನೆಯ 30-40 ಅಡಿಯನ್ನು ತುಂಬಾ ನಿಧಾನಕ್ಕೆ ಎತ್ತಿ. ಮೀನು ಕಾಣುವ ಮೊದಲೇ ನೀರಿನ ಮೇಲೆ ಗುಳ್ಳೆಗಳು ಗೊಂಚಲಾಗಿ ಬಂದು ಒಡೆಯುವುದು ಕಾಣುತ್ತದೆ. ಅದು ಒಳ್ಳೆಯ ಗುರುತು. ರಬ್ಬರ್ ಲೇಪದ ದೊಡ್ಡ ಕೈಬಲೆ ಬಳಸಿ, ಮೀನು ಬಲೆಯೊಳಗೆ ನೀರಿನಲ್ಲೇ ಇರಲಿ, ಕೊಕ್ಕೆ ಅಲ್ಲೇ ಬಿಡಿಸಿ. ಕಿವಿರಿಗೆ ಬೆರಳು ಹಾಕಿ ನೇತಾಡಿಸಬೇಡಿ. ಫೋಟೋ ಬೇಕಾದರೆ ಕ್ಯಾಮೆರಾ ಸಿದ್ಧವಾದ ಮೇಲೆ ಕೈ ಒದ್ದೆ ಮಾಡಿಕೊಂಡು, ಒಂದು ಕೈ ಬಾಲದ ಬುಡಕ್ಕೆ, ಇನ್ನೊಂದು ಹೊಟ್ಟೆಯಡಿಗೆ ಕೊಟ್ಟು ಅಡ್ಡಡ್ಡ ಎತ್ತಿ, ನಿಮ್ಮ ಉಸಿರು ಹಿಡಿದುಕೊಳ್ಳಿ. ನಿಮಗೆ ಉಸಿರು ಬೇಕು ಅನ್ನಿಸಿದಾಗ ಅದಕ್ಕೂ ಬೇಕಾಗಿರುತ್ತದೆ.

ತಕ್ಕಡಿಗೆ ತೂಗುಹಾಕದೆ ತೂಕ ತಿಳಿಯಬಹುದು. ಉದ್ದವನ್ನೂ ಹೊಟ್ಟೆಯ ಸುತ್ತಳತೆಯನ್ನೂ ಇಂಚಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 800ರಿಂದ ಭಾಗಿಸಿ. 36 ಇಂಚು ಉದ್ದ, 22 ಇಂಚು ಸುತ್ತಳತೆ ಅಂದರೆ ಸುಮಾರು 22 ಪೌಂಡ್, 10 ಕಿಲೋ. ಬಿಡುವಾಗ ತಲೆ ಕೆಳಗೆ ಮಾಡಿ ಈಟಿ ಎಸೆದ ಹಾಗೆ ನೀರಿಗೆ ದೂಡಿ, ಆ ವೇಗದಲ್ಲೇ ಅದು ಬಿಸಿನೀರಿನ ಪದರ ದಾಟಿ ತಣ್ಣೀರು ಸೇರುತ್ತದೆ. ಜುಲೈ, ಆಗಸ್ಟ್ ತಿಂಗಳಲ್ಲಿ ಮೇಲಿನ ನೀರು 65 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ದರೆ ದೊಡ್ಡ ಮೀನಿನ ಬೆನ್ನು ಹತ್ತುವುದನ್ನು ನಾನು ನಿಲ್ಲಿಸುತ್ತೇನೆ. ಎಷ್ಟೇ ಜೋಪಾನ ಮಾಡಿದರೂ ಆ ಬಿಸಿಗೆ ಅವು ಚೇತರಿಸಿಕೊಳ್ಳುವುದು ಕಷ್ಟ.

ತಿನ್ನಲು ಬೇಕು ಅಂದರೆ ಪಪ್ ಇಟ್ಟುಕೊಳ್ಳಿ. ಅವು ಇಲ್ಲಿ ತುಂಬಿ ತುಳುಕುತ್ತಿವೆ, ಕೊಕನಿ ಮರಿಗಳನ್ನು ಖಾಲಿ ಮಾಡುತ್ತಿವೆ. ಸಣ್ಣವನ್ನು ಹಿಡಿದು ತಿನ್ನಿ ಅಂತ ಎರಡೂ ರಾಜ್ಯದ ಮೀನು ಇಲಾಖೆಯವರೇ ಹೇಳುತ್ತಾರೆ. ಹಳೆಯ ದೊಡ್ಡ ಮೀನಿನಲ್ಲಿ ಕೊಬ್ಬೂ ಜಾಸ್ತಿ, ವರ್ಷಾನುಗಟ್ಟಲೆ ಮೈಯಲ್ಲಿ ಸೇರಿದ ಪಾದರಸವೂ ಜಾಸ್ತಿ. 20 ಇಂಚಿನ ಪಪ್‌ನ ಮಾಂಸ ತಿಳಿ ಕಿತ್ತಳೆ ಬಣ್ಣಕ್ಕಿರುತ್ತದೆ. ಅಪ್ಪ ಊರಿಂದ ತಂದಿದ್ದ ವಾಟೆಹುಳಿ, ಖಾರದಪುಡಿ, ಅರಿಶಿನ, ಉಪ್ಪು ಹಚ್ಚಿ, ಅರ್ಧ ಗಂಟೆ ಬಿಟ್ಟು, ಕ್ಯಾಂಪ್ ಒಲೆಯ ಮೇಲೆ ಕಬ್ಬಿಣದ ಕಾವಲಿಯಲ್ಲಿ ಕೊಬ್ಬರಿ ಎಣ್ಣೆ ಹಾಕಿ ಕಾಯಿಸಿದ್ದರು. ಮೀನಿನಲ್ಲೇ ಎಣ್ಣೆ ಇರುವುದರಿಂದ ಎರಡು ಚಮಚ ಸಾಕು. ಚರ್ಮದ ಬದಿ ಮೊದಲು.

ಮನೆಗೆ ಹೊರಡುವ ಮೊದಲು ದೋಣಿಯ ತಳದ ಬಿರಡೆ ತೆಗೆದು ನೀರೆಲ್ಲ ಹೊರಗೆ ಬಿಡಿ, ಬಿರಡೆ ಹಾಕದೆಯೇ ಗಾಡಿ ಓಡಿಸಿ. ಯೂಟಾದಲ್ಲಿ ಅದು ಕಾನೂನು. ಒಂದು ಕೆರೆಯ ನೀರಿನ ಜೊತೆ ಕ್ವಾಗಾ ಅನ್ನುವ ಸಣ್ಣ ಚಿಪ್ಪಿನ ಜೀವಿ ಇನ್ನೊಂದು ಕೆರೆಗೆ ಹೋಗಿ ಅದನ್ನು ಹಾಳು ಮಾಡದಿರಲಿ ಅಂತ. ಡೌನ್‌ರಿಗ್ಗರ್ ತಂತಿಯ ಕೊನೆಯ 20 ಅಡಿಯನ್ನು ಬಟ್ಟೆಯಲ್ಲಿ ಹಿಡಿದು ಒರೆಸಿ. ಎಲ್ಲಾದರೂ ಎಳೆ ಬಿಚ್ಚಿ ಬಟ್ಟೆಗೆ ಸಿಕ್ಕಿದರೆ ಅಲ್ಲಿಗೆ ಕತ್ತರಿಸಿ ಹೊಸ ಕೊಂಡಿ ಹಾಕಿ, ಮುಂದಿನ ಸಲಕ್ಕೆ ಬಿಡಬೇಡಿ. ಅವತ್ತು ಎಷ್ಟು ಅಡಿಯಲ್ಲಿ, ಯಾವ ವೇಗದಲ್ಲಿ, ತಂತಿ ಎಷ್ಟು ಓರೆಯಾಗಿದ್ದಾಗ ಮೀನು ಕಚ್ಚಿತು ಅಂತ ಗಾಡಿ ಹತ್ತುವ ಮೊದಲೇ ಬರೆದಿಡಿ, ರಾತ್ರಿ ಮನೆ ಸೇರುವಷ್ಟರಲ್ಲಿ 85 ಇದ್ದದ್ದು 95 ಆಗಿಬಿಟ್ಟಿರುತ್ತದೆ.